ಫ್ರಾನ್ಸಿನ ಈಜುಕೊಳ, ನಮ್ಮ ಕಾಕಾ ಮತ್ತು ಸಣ್ಣ ಚಡ್ಡಿ

ಲಿಯೋನ್‌ಗೆ ಓದಲು ಬರುವ ನಮ್ಮ ಕಡೆ ಹುಡುಗರು ಏನೇನು ತರಬೇಕು ಅಂತ ಕೇಳುತ್ತಿರುತ್ತಾರೆ. ಸ್ವೆಟರ್, ಕುಕ್ಕರ್, ಶೇಂಗಾ ಚಟ್ನಿಪುಡಿ, ಇದನ್ನೆಲ್ಲ ಯಾರಾದರೂ ಹೇಳುತ್ತಾರೆ. ನಾನು ಇನ್ನೊಂದು ಸೇರಿಸುತ್ತೇನೆ. ಈಜೋ ಆಸೆ ಇದ್ದರೆ ಮೈಗೆ ಅಂಟುವ ಸಣ್ಣ ಈಜು ಚಡ್ಡಿ ಬೇಕೇ ಬೇಕು. ಮೊಣಕಾಲಿನವರೆಗೆ ಇಳಿಬಿದ್ದ ಬರ್ಮುಡಾ ಹಾಕಿಕೊಂಡು ಹೋದರೆ ಇಲ್ಲಿನ ನಗರಸಭೆ ಈಜುಕೊಳದಲ್ಲಿ ನೀರಿಗೆ ಇಳಿಯೋಕೆ ಬಿಡುವುದಿಲ್ಲ. ಬಾಗಿಲಲ್ಲೇ ಚಿತ್ರ ಬರೆದು ಹಾಕಿರುತ್ತಾರೆ: ಬರ್ಮುಡಾ ಮೇಲೆ ಕೆಂಪು ಗೆರೆ, ಸಣ್ಣ ಚಡ್ಡಿ ಪಕ್ಕದಲ್ಲಿ ಹಸಿರು ಗುರುತು. ತೊಡೆಗೆ ಅಂಟಿಕೊಳ್ಳುವ ಬಾಕ್ಸರ್ ಆದರೂ ನಡೆಯುತ್ತದೆ. ಬಹಳ ಕಡೆ ತಲೆಗೆ ಟೋಪಿಯೂ ಬೇಕು.

ಕಾರಣ ಸ್ವಚ್ಛತೆ. ರಸ್ತೆಯಲ್ಲಿ ಓಡಾಡಿದ, ಬಸ್ಸಿನಲ್ಲಿ ಕೂತ ಚಡ್ಡಿಯಲ್ಲೇ ಜನ ನೀರಿಗೆ ಬಿದ್ದರೆ ಅದರ ಧೂಳು, ಬೆವರು ಎಲ್ಲ ನೀರಿಗೇ ಸೇರುತ್ತದೆ. ಸಣ್ಣ ಚಡ್ಡಿ ಹಾಕಿಕೊಂಡು ಯಾರೂ ಪೇಟೆ ಸುತ್ತಲ್ಲ ಅಲ್ವಾ? ಈಜುಕೊಳದಲ್ಲಿ ಮೂಗಿಗೆ ಹೊಡೆಯೋ ವಾಸನೆಯನ್ನು ನಾವು ಕ್ಲೋರಿನ್ ವಾಸನೆ ಅಂತೀವಿ. ನಿಜವಾಗಿ ಅದು ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ನದು. ಕಣ್ಣು ಉರಿಸುವುದೂ ಅದೇ. ಅದಕ್ಕೇ ಇಲ್ಲಿ ಸೋಪು ಹಚ್ಚಿ ಸ್ನಾನ ಮಾಡದೆ ಕೊಳಕ್ಕೆ ಇಳಿಯುವ ಹಾಗಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾ ಗಂಗಾವತಿಯಿಂದ ಬಂದಿದ್ದರು. ಅವರ ಮಗ ಇಲ್ಲೇ ಎಂಎಸ್ ಓದುತ್ತಾನೆ. ಮೂವರೂ ಈಜಲು ಹೋದೆವು. ಹುಡುಗ ಚಡ್ಡಿ ಹಾಕಿಕೊಂಡವನು ಸೊಂಟಕ್ಕೆ ಟವಲ್ ಸುತ್ತಿಕೊಂಡು ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಿಡಿದು ನಿಂತುಬಿಟ್ಟ. ಎಷ್ಟು ಕರೆದರೂ ಬರಲಿಲ್ಲ. ಕಾಕಾ ಮಾತ್ರ ಚಡ್ಡಿಯ ಒಳದಾರ ಎಳೆದು ಬಿಗಿಯಾಗಿ ಗಂಟು ಹಾಕಿಕೊಂಡರು, ಎರಡು ಸಲ ಬಗ್ಗಿ ಎದ್ದು ನೋಡಿದರು, ಸೀದಾ ನಡೆದರು. ಅರವತ್ತು ದಾಟಿದ ಮನುಷ್ಯ, ಸ್ವಲ್ಪ ಹೊಟ್ಟೆಯೂ ಇದೆ. ಹೋಗುವಾಗ ಮಗನಿಗೆ, "ಅಲ್ಲಲೇ ತಮ್ಮಾ, ನೀರಾಗ ಇಳ್ಯಾಕ ಇಷ್ಟು ಬಟ್ಟಿ ಸಾಕಲ್ಲ? ಬಾವ್ಯಾಗ ನಾವೇನ್ ಪ್ಯಾಂಟ್ ಹಾಕ್ಕೊಂಡು ಈಜ್ತಿದ್ವೇನು?" ಅಂದರು.

ಕಾಕಾ ಈಜು ಕಲಿತದ್ದು ತೋಟದ ಬಾವಿಯಲ್ಲಿ. ಬೆನ್ನಿಗೆ ಒಣ ಸೋರೆಬುರುಡೆ, ಉಡದಾರಕ್ಕೆ ಹಿಂದೆ ಮುಂದೆ ಸಿಕ್ಕಿಸಿದ ಒಂದು ಗೇಣಗಲದ ಲಂಗೋಟಿ, ಮೇಲಿಂದ ತಳ್ಳೋಕೆ ಅವರ ಅಣ್ಣ. ಅಷ್ಟೇ. ಆ ಬಾವಿಕಟ್ಟೆಯಲ್ಲಿ ಯಾರ ಮೈ ಹೇಗಿದೆ ಅಂತ ಯಾರೂ ನೋಡುತ್ತಿರಲಿಲ್ಲ, ಯಾರು ಎಷ್ಟು ಹೊತ್ತು ಮುಳುಗಿ ಇರುತ್ತಾರೆ ಅನ್ನೋದೊಂದೇ ಲೆಕ್ಕ. ಅವರಿಗೆ ಲಿಯೋನ್‌ನ ಕೊಳ ಹೊಸದು, ಚಡ್ಡಿ ಹೊಸದಲ್ಲ.

ನನಗೆ ಬೇಸರವಾದದ್ದು ಆಮೇಲೆ. ಕಾಕಾ ನೀರಿನಿಂದ ಮೇಲೆ ಬಂದು ಕೈ ಎತ್ತಿ ನಗುತ್ತಿರುವ ಫೋಟೋ ಒಂದನ್ನು, ಅವರೇ ಹೇಳಿದ್ದಕ್ಕೆ, ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎಷ್ಟು ಚಂದದ ಫೋಟೋ ಗೊತ್ತಾ. ಹತ್ತು ನಿಮಿಷದಲ್ಲಿ ನಗೋ ಇಮೋಜಿಗಳ ಸಾಲು. "ಕಾಕಾ ಇದೇನು ವೇಷ" ಅಂತ ಒಬ್ಬ, "ಹೆಣ್ಣುಮಕ್ಕಳು ಇರೋ ಗ್ರೂಪು, ಮೊದಲು ತೆಗಿ" ಅಂತ ನಮ್ಮತ್ತೆ. ಅತ್ತೆಯ ಮನೆ ಪಡಸಾಲೆಯಲ್ಲಿ ನಮ್ಮ ಮುತ್ತಜ್ಜನ ಫೋಟೋ ಇದೆ. ಪೈಲ್ವಾನ, ಕೈಯಲ್ಲಿ ಗೆದ್ದ ಬೆಳ್ಳಿ ಕಡಗ, ಮೈಮೇಲೆ ಲಂಗೋಟಿ ಒಂದೇ. ಅದಕ್ಕೆ ದಿನಾ ಊದಿನಕಡ್ಡಿ ಹಚ್ಚುತ್ತಾರೆ, ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ. ಗರಡಿಮನೆ ಮಣ್ಣಿನಲ್ಲಿ ಒಪ್ಪುವ ಮೈ ನೀರಿನಲ್ಲಿ ಯಾಕೆ ಒಪ್ಪಬಾರದು? ನಾನು ಇದನ್ನು ಅತ್ತೆಗೆ ಫೋನ್ ಮಾಡಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಅದು ಬ್ಯಾರೆ ಬಿಡಪ್ಪ" ಅಂದರು. ಫೋಟೋ ನಾನು ಗ್ರೂಪಿನಿಂದ ತೆಗೆದಿಲ್ಲ.

ನಾಚಿಕೆ ನಮ್ಮವರಿಗೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಆಫೀಸಿನಲ್ಲಿರುವ ಅಮೆರಿಕದವನೂ ಈ ಚಡ್ಡಿಗೆ ಒಪ್ಪಲೇ ಇಲ್ಲ, ಅವರಲ್ಲಿ ಗಂಡಸರಿಗೆ ಉದ್ದದ ಚಡ್ಡಿಯೇ ರೂಢಿ. ಅಮೆರಿಕದಲ್ಲಿ 1930ರ ದಶಕದವರೆಗೂ ಎಷ್ಟೋ ಬೀಚುಗಳಲ್ಲಿ ಗಂಡಸರು ಎದೆ ಬಿಟ್ಟು ಈಜುವಂತೆಯೇ ಇರಲಿಲ್ಲ, ಅಟ್ಲಾಂಟಿಕ್ ಸಿಟಿಯಲ್ಲಿ ಅದು ಅಪರಾಧವಾಗಿತ್ತು. ಈ ಸಣ್ಣ ಚಡ್ಡಿಗೆ ಜಗತ್ತಿನಲ್ಲಿ ಹೆಸರು ತಂದ ಸ್ಪೀಡೋ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಸಿಡ್ನಿಯಲ್ಲಿ ಹೆಣಿಗೆ ಬಟ್ಟೆ ಮಾಡುತ್ತಿದ್ದ ಕಂಪನಿಗೆ 1928ರಲ್ಲಿ ಆ ಹೆಸರು ಬಂತು. ಪೀಟರ್ ಟ್ರಾವಿಸ್ ಎಂಬ ವಿನ್ಯಾಸಕಾರ 1960ರ ಆಸುಪಾಸಿನಲ್ಲಿ ಚಡ್ಡಿಯನ್ನು ಸೊಂಟದಿಂದ ಕೆಳಗಿಳಿಸಿದ, ಕಾಲು ಆಡಿಸೋಕೆ ಸಲೀಸಾಗಲಿ ಅಂತ. ಬ್ರೆಜಿಲ್ ಬೀಚುಗಳಲ್ಲಿ ಮುದುಕರಿಂದ ಹುಡುಗರವರೆಗೆ ಇಂಥದ್ದೇ ಹಾಕುತ್ತಾರೆ, ಅಲ್ಲಿ ಸೊಂಟದ ಪಕ್ಕದ ಪಟ್ಟಿ ಸ್ವಲ್ಪ ಅಗಲ.

ಹಾಗಂತ ಫ್ರಾನ್ಸಿನವರು ಎಲ್ಲೆಂದರಲ್ಲಿ ಹೀಗೆ ತಿರುಗುತ್ತಾರೆ ಅಂತಲ್ಲ. ಕಡಲತೀರದ ಹಲವು ಊರುಗಳಲ್ಲಿ ಬೀಚು ದಾಟಿ ಪೇಟೆಗೆ ಬರಿಮೈಯಲ್ಲಿ ಬಂದರೆ ದಂಡ ಹಾಕುತ್ತಾರೆ. ನೀರಿನ ಹತ್ತಿರ ಒಂದು ರೀತಿ, ಬೀದಿಯಲ್ಲಿ ಇನ್ನೊಂದು. ನಮ್ಮಲ್ಲೂ ಬಾವಿಯಿಂದ ಊರೊಳಗೆ ಬರುವಾಗ ಪಂಚೆ ಸುತ್ತಿಕೊಂಡೇ ಬರುತ್ತಿದ್ದರಲ್ಲ. ಇಲ್ಲಿ ಶಾಲೆಯಲ್ಲೇ ಈಜು ಕಲಿಸುತ್ತಾರೆ, ಚಿಕ್ಕಂದಿನಿಂದ ಹುಡುಗರು ಇದೇ ಚಡ್ಡಿಯಲ್ಲಿ ಬೆಳೆಯುತ್ತಾರೆ, ಅದಕ್ಕೇ ಯಾರೂ ತಿರುಗಿ ನೋಡಲ್ಲ. ಹುಡುಗಿಯರೂ ಕಲಿಯುತ್ತಾರೆ. ನಮ್ಮೂರಲ್ಲಿ ಅವರಿಗೆ ಆ ಬಾವಿಯೂ ಇರಲಿಲ್ಲ, ಅದನ್ನು ನೆನೆದರೆ ಸಂಕಟವಾಗುತ್ತದೆ.

ನಮ್ಮ ಹುಡುಗ ಕೊನೆಗೆ ಅಪ್ಪನ ಹಿಂದೆಯೇ ಇಳಿದ. ಕೊಳದ ಎರಡನೇ ಸುತ್ತಿಗೆ ಟವಲ್ ಎಲ್ಲಿಟ್ಟೆ ಅನ್ನೋದೇ ಅವನಿಗೆ ನೆನಪಿರಲಿಲ್ಲ. ಈಗ ವಾರವಾರ ಹೋಗುತ್ತಾನೆ.

ಇಷ್ಟೆಲ್ಲ ಬರೆಯೋಕೆ ಇನ್ನೊಂದು ಕಾರಣ ಇದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹುಡುಗರು ಜೀನ್ಸ್ ಪ್ಯಾಂಟಲ್ಲೇ ಹಾರುತ್ತಾರೆ, ಚಡ್ಡಿಯಲ್ಲಿ ಯಾರಾದರೂ ನೋಡಿದರೆ ಅಂತ ನಾಚಿಕೆ. ಜೀನ್ಸ್ ನೀರು ಕುಡಿದರೆ ಕಾಲು ಎತ್ತೋಕೆ ಆಗಲ್ಲ. ಕಾಲುವೆಯ ಸೆಳೆತ ಬೇರೆ, ದಡದ ಕಾಂಕ್ರೀಟು ಪಾಚಿಗೆ ಜಾರುತ್ತದೆ, ಹಿಡಿಯೋಕೆ ಏನೂ ಸಿಗಲ್ಲ. ಕಾಲುವೆಗೆ ಇಳಿಯಲೇಬೇಡಿ ಅಂತ ಹೇಳಿ. ಬಾವಿಯಲ್ಲಿ ಕಲಿಯಲಿ, ದೊಡ್ಡವರು ಜೊತೆಗಿರಲಿ, ಮೈಮೇಲೆ ಸಣ್ಣ ಚಡ್ಡಿ ಇರಲಿ, ದಯವಿಟ್ಟು ನಗಬೇಡಿ. ಕಾಕಾ ಬೇಸಿಗೆ ರಜೆಯಲ್ಲಿ ತೋಟದ ಬಾವಿಯಲ್ಲಿ ಕಲಿಸೋಕೆ ತಯಾರಿದ್ದಾರೆ. ನಾನು ಊರಿಗೆ ಬರುವಾಗ ಇಲ್ಲಿಂದ ಚಡ್ಡಿ ತರುತ್ತೇನೆ. ಯಾರ ಮನೆ ಮಕ್ಕಳಿಗೆ ಬೇಕು, ವಯಸ್ಸು ಮತ್ತು ಸೊಂಟದ ಅಳತೆ ಕಳಿಸಿ.