ಈಜುಕೊಳಕ್ಕೂ ಬಿಸಿನೀರಾ?

ಬ್ರಿಸ್ಬೇನ್‌ನಲ್ಲಿ ಹಿತ್ತಲಲ್ಲಿ ಈಜುಕೊಳ ಇದ್ದವರೆಲ್ಲ ದೊಡ್ಡ ಸಾಹುಕಾರರು ಅಂತೇನೂ ಅಲ್ಲ. ನಮ್ಮ ಬೀದಿಯಲ್ಲೇ ಸುಮಾರು ಮನೆಗಳಿಗೆ ಇದೆ. ನಮಗಿಲ್ಲ, ನಮ್ಮದು ಬಾಡಿಗೆ ಮನೆ. ಪಕ್ಕದ ಮನೆಯ ವಯಸ್ಸಾದ ದಂಪತಿಗೆ ಇದೆ. ಅವರ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ ಮೇಲೆ ನನ್ನ ಮಗಳೇ ಅದರ ಖಾಯಂ ಗಿರಾಕಿ. ಆಗಸ್ಟ್ ಕೊನೆ ಅಂದರೆ ಇಲ್ಲಿ ಚಳಿಗಾಲ ಮುಗಿಯುವ ಹೊತ್ತು. ಬಿಸಿಲು ಚೆನ್ನಾಗಿಯೇ ಇರುತ್ತದೆ, ಆದರೆ ಕೊಳಕ್ಕೆ ಕಾಲಿಟ್ಟರೆ ಜುಂ ಅನ್ನುತ್ತದೆ. ಅದಕ್ಕೇ ಅವರು ಈ ಸಲ ಮಾಡಿನ ಮೇಲೆ ಸೋಲಾರ್ ಹಾಕಿಸಿದ್ದಾರೆ. ಕರೆಂಟಿಗಲ್ಲ, ಕೊಳದ ನೀರು ಕಾಸುವುದಕ್ಕೆ.

ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಹೊಸನಗರದ ಹತ್ತಿರದ ನಮ್ಮ ಮನೆಯಲ್ಲಿ ಆಗ ಮಘೆ ಮಳೆ ಹೊಯ್ಯುತ್ತಿತ್ತು. ಅಮ್ಮ ಬಚ್ಚಲೊಲೆ ಮುಂದೆ ಕೂತಿದ್ದಳು.

"ಈಜುಕೊಳಕ್ಕೂ ಬಿಸಿನೀರಾ? ಎಂತ ಜನ ಮಾರಾಯ್ತಿ!" ಅಂತ ನಕ್ಕಳು. ನಗುವಿನ ಹಿಂದೆಯೇ ಕೆಮ್ಮು. ಕಟ್ಟಿಗೆ ತಂಡಿ ಹಿಡಿದಿದೆ, ಬರೀ ಹೊಗೆ ಅಂದಳು.

ಮಗಳು ಫೋನು ಕಿತ್ತುಕೊಂಡಳು. "ಅಜ್ಜಿ, ನಿಮ್ಮನೆ ಮೇಲೂ ಸೋಲಾರ್ ಹಾಕ್ಸಿ. ಸೂರ್ಯ ಫ್ರೀ!"

"ಸೂರ್ಯನ ಮುಖ ನೋಡಿ ಎಷ್ಟು ದಿನ ಆಯ್ತೋ ಪುಟ್ಟಿ. ನಿಮ್ಮಲ್ಲಿ ಜಾಸ್ತಿ ಇದ್ರೆ ಸ್ವಲ್ಪ ಈ ಕಡೆ ಕಳ್ಸು."

ಎಲ್ಲರೂ ನಕ್ಕೆವು. ಆ ಕೆಮ್ಮು ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಪಕ್ಕದ ಮನೆಯವರಿಗೆ ತಮ್ಮ ಹೊಸ ಸೋಲಾರ್ ತೋರಿಸುವುದೆಂದರೆ ಬಹಳ ಖುಷಿ. ನೋಡಿದರೆ ಅದರಲ್ಲಿ ಏನೂ ಇಲ್ಲ! ಗಾಜಿಲ್ಲ, ಟ್ಯಾಂಕಿಲ್ಲ. ಕರಿ ಬಣ್ಣದ ಸಣ್ಣ ಸಣ್ಣ ಕೊಳವೆಗಳನ್ನು ಜೋಡಿಸಿದ ಚಾಪೆ, ಅಷ್ಟೇ. ಅದನ್ನು ಉತ್ತರಕ್ಕೆ ಮುಖ ಮಾಡಿದ ಮಾಡಿನ ಮೇಲೆ ಹಾಸಿದ್ದಾರೆ. ಇಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ, ನನಗೆ ಇದು ಇನ್ನೂ ಅಭ್ಯಾಸ ಆಗಿಲ್ಲ. ಚಾಪೆಯ ವಿಸ್ತೀರ್ಣ ಹೆಚ್ಚುಕಡಿಮೆ ಕೊಳದಷ್ಟೇ ಇದೆ. ಪಂಪು ಕೊಳದ ನೀರನ್ನೇ ಮೇಲಕ್ಕೆ ಕಳಿಸುತ್ತದೆ, ನೀರು ಕೊಳವೆಗಳಲ್ಲಿ ಹಾದು ವಾಪಸ್ ಕೊಳಕ್ಕೆ ಬೀಳುತ್ತದೆ. ಮಾಡಿನ ಮೇಲೊಂದು ಸೆನ್ಸರ್ ಇದೆ. ಮೇಲೆ ಕೊಳಕ್ಕಿಂತ ಬಿಸಿ ಇದ್ದರೆ ಪಂಪು ಓಡುತ್ತದೆ, ಮೋಡ ಬಂದರೆ ನಿಲ್ಲುತ್ತದೆ.

ಮಗಳು ನೀರು ವಾಪಸ್ ಬರುವ ಜಾಗದಲ್ಲಿ ಕೈ ಇಟ್ಟು ನೋಡಿ, ಇದು ಬಿಸಿನೇ ಇಲ್ಲ ಅಂತ ಮುಖ ಸಣ್ಣ ಮಾಡಿದಳು. ಅದಕ್ಕೆ ಆ ಮನೆಯ ಯಜಮಾನರು, "ಅದು ಬಿಸಿಯಾಗಿ ಬಂದರೆ ನಾನು ರಿಪೇರಿಯವರನ್ನು ಕರೆಯಬೇಕಾಗುತ್ತದೆ" ಅಂದರು. ನಾನು ಸುಮ್ನೆ ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ನೀರು ಜೋರಾಗಿ ಹರಿದು, ಒಂದು ಸುತ್ತಿನಲ್ಲಿ ಒಂದೆರಡು ಡಿಗ್ರಿ ಮಾತ್ರ ಏರಿ ಬರಬೇಕಂತೆ. ನಿಧಾನ ಹರಿದರೆ ನೀರು ಸುಡುತ್ತದೆ, ಆದರೆ ಚಾಪೆಯೂ ಕಾದು ಶಾಖವನ್ನು ಗಾಳಿಗೆ ಬಿಡುತ್ತದೆ. ಸ್ವಲ್ಪ ಸ್ವಲ್ಪವೇ ದಿನವಿಡೀ ತಂದರೆ ಒಟ್ಟು ಜಾಸ್ತಿ. ಅವರ ಕೊಳದಲ್ಲಿ ಸುಮಾರು 40,000 ಲೀಟರ್ ನೀರು. ಅಷ್ಟನ್ನು ಬರೀ ಒಂದು ಡಿಗ್ರಿ ಏರಿಸಲು ಸುಮಾರು 46 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಅದನ್ನು ಬಿಸಿಲು ತಂದುಕೊಡುತ್ತದೆ, ಪಂಪಿನ ಖರ್ಚು ಬಿಟ್ಟರೆ ಬಿಲ್ಲಿಲ್ಲ.

ರಾತ್ರಿ ಕೊಳಕ್ಕೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹೊದಿಕೆ, ಗುಳ್ಳೆ ಕೆಳಮುಖ. ಕೊಳದ ನೀರು ತಣ್ಣಗಾಗುವುದು ಮುಖ್ಯವಾಗಿ ಆವಿಯಿಂದ. ಒಂದು ಲೀಟರ್ ಆವಿಯಾಗಿ ಹೋದರೆ 580 ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗುವಷ್ಟು ಶಾಖ ಅದರ ಜೊತೆ ಹೋಗುತ್ತದೆ. ಕಾಸುವುದಕ್ಕಿಂತ ಮುಚ್ಚುವುದೇ ಮುಖ್ಯ ಅಂತ ಅವರ ಹೆಂಡತಿಯ ವಾದ. ಮುಚ್ಚುವ ಕೆಲಸ ಆಕೆಯದ್ದು, ಅದಕ್ಕೂ ಇರಬಹುದು.

ಆ ಕರಿ ಚಾಪೆ ನೋಡುತ್ತಾ ನನಗೆ ನೆನಪಾದದ್ದು ಊರಿನ ಪೈಪು. ಗುಡ್ಡದ ಅಬ್ಬಿಯಿಂದ ಮನೆಗೆ ನೀರು ತರುವ ಕರಿ ಪೈಪು ಗೊತ್ತಲ್ವಾ? ಮಲೆನಾಡಿನ ಎಷ್ಟೋ ಮನೆಗಳಿಗೆ ಇದೆ. ಏಪ್ರಿಲ್ ಮಧ್ಯಾಹ್ನ ನಲ್ಲಿ ಬಿಟ್ಟರೆ ಮೊದಲು ಬರುವ ನೀರಿಗೆ ಕೈ ಒಡ್ಡಲು ಆಗುತ್ತಿರಲಿಲ್ಲ. ಅದನ್ನು ತೆಂಗಿನ ಬುಡಕ್ಕೆ ಬಿಟ್ಟು, ತಣ್ಣನೆಯದು ಬಂದ ಮೇಲೆ ಕೊಡಕ್ಕೆ ಹಿಡಿಯುತ್ತಿದ್ದೆವು. ಪೈಪು ಕಾಯಬಾರದು ಅಂತ ಅಪ್ಪಯ್ಯ ಅದರ ಮೇಲೆ ಸೊಪ್ಪು ಮುಚ್ಚುತ್ತಿದ್ದರು. ಸಂಜೆ ಅದೇ ಮನೆಯ ಬಚ್ಚಲಲ್ಲಿ ಅಮ್ಮ ಅಡಿಕೆ ಹಾಳೆ, ಸಿಪ್ಪೆ, ಕಟ್ಟಿಗೆ ತುರುಕಿ, ಊದುಕೊಳವೆ ಹಿಡಿದು ಹಂಡೆ ನೀರು ಕಾಸುತ್ತಿದ್ದಳು. ಇದರಲ್ಲೇನೋ ವಿಚಿತ್ರ ಇದೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಬಿಸಿಲಿನ ಬೆಲೆ ನಮಗೆ ಗೊತ್ತಿರಲಿಲ್ಲ ಅಂತ ಅಲ್ಲ. ಬೇಯಿಸಿದ ಅಡಿಕೆ ಒಣಗುವವರೆಗೆ ಮನೆಮಂದಿಯೆಲ್ಲ ಆಕಾಶ ನೋಡಿಕೊಂಡೇ ಇರುತ್ತಿದ್ದರು. ಮೋಡ ಕಂಡರೆ ಊಟ ಬಿಟ್ಟು ಓಡುತ್ತಿದ್ದೆವು. ಅಡಿಕೆಗೆ ದುಡ್ಡಿದೆ. ಅಮ್ಮ ಕುಡಿದ ಹೊಗೆ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ಕರೆಂಟ್ ಗೀಸರ್ ಹಾಕಿಸಬಹುದಿತ್ತು ಅನ್ನಬಹುದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳುವಂತಿಲ್ಲ. 1964ರಲ್ಲಿ ನಮ್ಮದೇ ಜಿಲ್ಲೆಯ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಕರೆಂಟು ದೂರದ ಊರುಗಳಿಗೆಲ್ಲ ಹೋಯಿತು. ಮುಳುಗಡೆಯಾದ ಕುಟುಂಬಗಳಲ್ಲಿ ಎಷ್ಟೋ ಜನ ಇನ್ನೂ ಜಮೀನಿನ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ನಮ್ಮ ಬಚ್ಚಲ ಗೀಸರ್ ವಿಷಯ ಅದರ ಮುಂದೆ ಬಹಳ ಸಣ್ಣದು ಬಿಡಿ.

ಹಂಡೆಯ ನೀರಿನ ಸುಖ ಇಲ್ಲಿನ ಶವರಿನಲ್ಲಿ ಇಲ್ಲ, ಅದು ನಿಜ. ದೀಪಾವಳಿಯಲ್ಲಿ ನೀರು ತುಂಬುವ ದಿನ ಹಂಡೆಗೆ ಶೇಡಿ ಅನ್ನುವ ಬಿಳಿ ಮಣ್ಣಿನಲ್ಲಿ ಬರೆದು, ಹಿಂಡಲೆಕಾಯಿ ಬಳ್ಳಿ ಸುತ್ತಿ, ಮರುದಿನ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಮೀಯುವುದನ್ನು ನಾನೂ ಕನಸಿನಲ್ಲಿ ಕಾಣುತ್ತೇನೆ. ಆದರೆ ಹೊರದೇಶದಲ್ಲಿರುವ ನಾವು ರಜೆಗೆ ಹೋಗಿ ಹಂಡೆಯ ಫೋಟೋ ಹೊಡೆದು ಎಲ್ಲರಿಗೂ ಕಳಿಸಿ ಬರುತ್ತೇವೆ. ಒಲೆ ಉರಿಸುವವರು ಫೋಟೋದಲ್ಲಿ ಇರುವುದಿಲ್ಲ.

ಮೊನ್ನೆ ಅಪ್ಪಯ್ಯನಿಗೆ ಫೋನು ಮಾಡಿ ವಿಷಯ ತೆಗೆದೆ. ಶಿವಮೊಗ್ಗದಲ್ಲಿ ಎಷ್ಟೋ ಮನೆಗಳ ಮೇಲೆ ಸೋಲಾರ್ ಇದೆ, ನಾವೂ ಹಾಕಿಸೋಣ ಅಂದೆ.

"ಮಳೆಗಾಲದಲ್ಲಿ ಅದನ್ನು ಎಂತ ಮಾಡುವುದು?" ಅಂದರು.

"ಮಳೆಗಾಲಕ್ಕೆ ಹಂಡೆ ಇರಲಿ. ಉಳಿದ ಎಂಟು ತಿಂಗಳು?"

"ಗಾಜಿನ ಕೊಳವೆ ಮಂಗ ಒಡೆಯುತ್ತದೆ."

ಮಂಗನ ವಿಷಯಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆಗ ಪಕ್ಕದ ಮನೆಯವರ ಮಾತು ಸಹಾಯಕ್ಕೆ ಬಂತು. ನೀರು ಸುಡಬೇಕಾಗಿಯೇ ಇಲ್ಲ. ಸ್ನಾನಕ್ಕೆ 40 ಡಿಗ್ರಿ ಸಾಕು. ಹಂಡೆಗೆ ಬೀಳುವ ನೀರೇ ಬೆಚ್ಚಗಿದ್ದರೆ ಕಟ್ಟಿಗೆ ಅರ್ಧ ಉಳಿಯುತ್ತದೆ, ಹೊಗೆಯೂ ಅರ್ಧ. ಅಟ್ಟದ ಮೇಲೆ ಬಿದ್ದಿರುವ ಹಳೇ ಕರಿ ಪೈಪನ್ನು ಬಚ್ಚಲ ಮಾಡಿನ ಮೇಲೆ ಸುರುಳಿ ಸುತ್ತಿಟ್ಟು, ಅಬ್ಬಿ ನೀರು ಅದರಲ್ಲಿ ಹಾದು ಬರುವಂತೆ ಮಾಡಿದರೆ ಆಯಿತು. ಗಾಜಿಲ್ಲ, ಪಂಪಿಲ್ಲ, ಖರ್ಚಿಲ್ಲ.

ಅಪ್ಪಯ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೆಕ್ಕ ಹಾಕುತ್ತಿದ್ದಾರೆ ಅಂತ ಗೊತ್ತಾಯಿತು.

"ಆಗಬಹುದು" ಅಂದರು ಕೊನೆಗೆ. "ಮಂಗ ಬಂದು ಪೈಪು ಎಳೆದು ಹಾಕಿದ್ರೆ ಯಾರು ಮಾಡು ಹತ್ತುವುದು? ನೀನು ಆಸ್ಟ್ರೇಲಿಯಾದಿಂದ ಬರ್ತೀಯಾ?"