ಪ್ರಾಗ್‌ನ ಸೇತುವೆ, ಸೂರ್ಯ ಹುಟ್ಟೋ ಮುಂಚೆ

ಕ್ಯಾಮೆರಾ ಹಿಡಿದು ಜೆಕ್ ರಾಜಧಾನಿ ಪ್ರಾಗ್‌ಗೆ ಹೋಗುವವರೇ, ಮಧ್ಯಾಹ್ನ ಚಾರ್ಲ್ಸ್ ಸೇತುವೆ ಕಡೆ ತಲೆ ಹಾಕಬೇಡಿ. ಜನರ ತಲೆ ಬಿಟ್ಟರೆ ಬೇರೇನೂ ಸಿಗೋದಿಲ್ಲ. ಜೂನ್‌ನಲ್ಲಿ ಸೂರ್ಯ ಐದರ ಆಸುಪಾಸಿಗೇ ಹುಟ್ಟುತ್ತಾನೆ. ಅದಕ್ಕೂ ಮುಕ್ಕಾಲು ಗಂಟೆ ಮೊದಲೇ ಟ್ರೈಪಾಡ್ ನಿಂತಿರಬೇಕು. ಅಷ್ಟು ಬೇಗ ಏಳೋಕಾಗದ ಸೋಮಾರಿಗಳಿಗೆ ಡಿಸೆಂಬರ್ ಇದೆ, ಆಗ ಸೂರ್ಯೋದಯ ಎಂಟರ ಹತ್ತಿರ.

ಸೇತುವೆಯ ಓಲ್ಡ್ ಟೌನ್ (ಹಳೇ ಪೇಟೆ) ತುದಿಯಿಂದ ಪಶ್ಚಿಮಕ್ಕೆ ನೋಡಿದರೆ ಪ್ರಾಗ್ ಕೋಟೆಯ ಮೇಲೆ ನೇರ ಬೆಳಕು. ಎದುರು ತುದಿಯಿಂದ ಪೂರ್ವಕ್ಕೆ ತಿರುಗಿದರೆ ಸೇತುವೆ ಮೇಲಿನ ಪ್ರತಿಮೆಗಳೆಲ್ಲ ಕಪ್ಪು ನೆರಳು. ನನ್ನ ಓಟು ಎರಡನೆಯದಕ್ಕೆ. ಆದರೆ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಆಟೋ ಮೀಟರ್ ಆ ಕಪ್ಪನ್ನು ಬೆಳಗಿಸಲು ಹೋಗಿ ಆಕಾಶವನ್ನು ಸುಣ್ಣದಂತೆ ಬಿಳಿಚಿಸುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧಕ್ಕೆ. ಸೇತುವೆ ನೇರವಾಗಿಲ್ಲ, ಸ್ವಲ್ಪ ಬಾಗಿದೆ. ಓಲ್ಡ್ ಟೌನ್ ಗೋಪುರ ಹತ್ತಿ ದೂರದ್ದನ್ನು ಹತ್ತಿರ ತರುವ 70-200 ಎಂಎಂ ಜೂಮ್ ಲೆನ್ಸ್ ಹಾಕಿದರೆ ಆ ಬಾಗು ಚೆನ್ನಾಗಿ ಕಾಣುತ್ತದೆ.

ತಡವಾಗಿ ಹೋಗಿ ಜನ ತುಂಬಿದ್ದರೆ ಹತ್ತು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ: 1/60 ಸೆಕೆಂಡ್ ಇದ್ದ ಶಟರ್ ಸಮಯ ಸುಮಾರು 17 ಸೆಕೆಂಡ್ ಆಗುತ್ತದೆ. ನಡೆಯುವವರು ಮಾಯ. ಸೆಲ್ಫಿಗೆ ನಿಂತವರು ಮಾತ್ರ ದೆವ್ವದ ಹಾಗೆ ಉಳಿಯುತ್ತಾರೆ!

1357ರಲ್ಲಿ ಶುರುವಾದ ಸೇತುವೆ. ಮೇಲಿರುವ 30 ಪ್ರತಿಮೆ-ಗುಂಪುಗಳಲ್ಲಿ ಬಹುಪಾಲು ಈಗ ನಕಲು, ಮೂಲಗಳು ಮ್ಯೂಸಿಯಂ ಸೇರಿವೆ. ನಾವು ಬೆಳಕಿಗೆ ಕಾದು ಕಾದು ತೆಗೆಯೋದು ನಕಲಿನ ನಕಲು ಅಂತ ಒಮ್ಮೊಮ್ಮೆ ನಗು ಬರುತ್ತೆ.

ಚಳಿಗಾಲದಲ್ಲಿ ಇನ್ನೊಂದು ಎಚ್ಚರ: ಬಿಸಿ ಕೆಫೆಯೊಳಗೆ ಹೋಗುವ ಮುಂಚೆ ಹೊರಗೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಮುಚ್ಚಿ. ಇಲ್ಲದಿದ್ದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ; ಎರಡಿರಲಿ, ಒಂದು ಒಳಜೇಬಿನ ಬೆಚ್ಚಗಿನಲ್ಲಿ.