ಪಾಠ ಮಾಡದ ಮೇಷ್ಟ್ರು: ಆಸ್ಟಿನ್‌ನ ಡಾರೆಲ್ ರಾಯಲ್

ಕಾಲೇಜಿನ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಬರೆಯುವಾಗ ಸಾಮಾನ್ಯವಾಗಿ ತಮಗೆ ಕಲಿಸಿದವರ ಬಗ್ಗೆ ಬರೆಯುತ್ತಾರೆ. ನಾನು ಬರೆಯುತ್ತಿರುವುದು ನನಗೆ ಒಂದು ದಿನವೂ ಪಾಠ ಮಾಡದ ಒಬ್ಬರ ಬಗ್ಗೆ. ಇಲ್ಲಿ ಬಿ.ಇ. ಮುಗಿಸಿ 1974ರಲ್ಲಿ ನಾನು ಎಂ.ಎಸ್. ಓದಲು ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೋದೆ. ಅದು ಇರುವುದು ಆಸ್ಟಿನ್ ನಗರದಲ್ಲಿ. ಅಲ್ಲಿನ ಫುಟ್‌ಬಾಲ್ ಕೋಚ್ ಡಾರೆಲ್ ರಾಯಲ್. ನಾನು ಅವರನ್ನು ಸ್ಟೇಡಿಯಂನ ವಿದ್ಯಾರ್ಥಿಗಳ ಸಾಲಿನಿಂದ ನೋಡಿದ್ದೇನೆ, ಅಷ್ಟೇ. ಮಾತಾಡಿದವನಲ್ಲ. ಆದರೂ ನನ್ನ ಮೇಷ್ಟ್ರುಗಳ ಪಟ್ಟಿಯಲ್ಲಿ ಅವರ ಹೆಸರು ಇದೆ. ಯಾಕೆ ಅಂತ ಹೇಳಬೇಕು.

ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಾವು ಕಾಲಲ್ಲಿ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಕಡೆಗೆ ನುಗ್ಗುವ ಆಟ. ಅಂಕಣ 100 ಗಜ. ಒಂದೊಂದು ಕಡೆ 11 ಜನ. ನಾಲ್ಕು ಸಲದಲ್ಲಿ 10 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಅವರ ಪಾಲು. ಮೊದಲ ಸಲ ನೋಡಿದಾಗ ನನಗೆ ಅದು ಕಬಡ್ಡಿಯ ದೊಡ್ಡಣ್ಣನ ಹಾಗೆ ಕಂಡಿತು. ಬರೀ ಮೈ ಬಲದ ಆಟ ಅಂದುಕೊಂಡಿದ್ದೆ. ಎಷ್ಟು ಲೆಕ್ಕಾಚಾರದ ಆಟ ಅಂತ ಗೊತ್ತಾಗಿದ್ದು ರಾಯಲ್ ಅವರ ತಂಡವನ್ನು ನೋಡಿದ ಮೇಲೆ.

ರಾಯಲ್ ಹುಟ್ಟಿದ್ದು 1924ರ ಜುಲೈ 6ರಂದು, ಒಕ್ಲಹೋಮ ರಾಜ್ಯದ ಹಾಲಿಸ್ ಎಂಬ ಸಣ್ಣ ಊರಿನಲ್ಲಿ. ಕೂಸಾಗಿದ್ದಾಗಲೇ ತಾಯಿ ಹೋದರು. ಅವರ ಹೆಸರು ಕೇಟಿ. ಡಾರೆಲ್ ಕೆ ರಾಯಲ್ ಅನ್ನುವಾಗ ನಡುವೆ ಬರುವ 'ಕೆ' ಆ ತಾಯಿಯ ನೆನಪು. ತಾಯಿ ತೀರಿಕೊಂಡದ್ದು ಕ್ಯಾನ್ಸರ್‌ನಿಂದ. ಆ ಕಾಲಕ್ಕೆ ಆ ಕಾಯಿಲೆಯ ಹೆಸರು ಹೇಳಲೂ ಜನ ಹಿಂಜರಿಯುತ್ತಿದ್ದರು. ಹಾಗಾಗಿ ತನ್ನನ್ನು ಹೆತ್ತದ್ದರಿಂದಲೇ ಅಮ್ಮ ಸತ್ತಳು ಅಂತ ಹುಡುಗ ನಂಬಿಕೊಂಡೇ ಬೆಳೆದ. ಎಷ್ಟು ವರ್ಷ ಆ ಭಾರ ಹೊತ್ತಿರಬೇಕು, ಅಲ್ವಾ?

1930ರ ದಶಕದಲ್ಲಿ ಒಕ್ಲಹೋಮದ ಹೊಲಗಳು ಮಳೆಯಿಲ್ಲದೆ ಒಣಗಿ ಧೂಳಾಗಿ ಹಾರಿಹೋದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದವು. ರಾಯಲ್ ಮನೆಯವರೂ ಹೋದರು. ಅಲ್ಲಿ ಈ ಹುಡುಗನಿಗೆ ಮನಸ್ಸು ನಿಲ್ಲಲಿಲ್ಲ. ತನ್ನ ಸಾಮಾನನ್ನು ಹಳೆಯ ಗ್ರಾಮಫೋನಿನ ಪೆಟ್ಟಿಗೆಯೊಂದಕ್ಕೆ ತುಂಬಿಕೊಂಡು, ದಾರಿಯಲ್ಲಿ ಸಿಕ್ಕಿದ ಗಾಡಿಗಳಿಗೆ ಕೈ ತೋರಿಸುತ್ತಾ ಒಬ್ಬನೇ ಹಾಲಿಸ್‌ಗೆ ವಾಪಸು ಬಂದ. ಶಾಲೆಯ ತಂಡದಲ್ಲಿ ಫುಟ್‌ಬಾಲ್ ಆಡಬೇಕು, ಅದೊಂದೇ ಆಸೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಸೇನೆಯ ವಾಯುದಳದಲ್ಲಿದ್ದರು. ಯುದ್ಧ ಮುಗಿದ ಮೇಲೆ 1946ರಿಂದ 1949ರವರೆಗೆ ಒಕ್ಲಹೋಮ ವಿಶ್ವವಿದ್ಯಾಲಯಕ್ಕೆ ಆಡಿದರು. ಆಳು ದೊಡ್ಡವರಲ್ಲ. ಆದರೆ ಮೈದಾನದಲ್ಲಿ ಅವರು ಮಾಡದ ಕೆಲಸವಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಆಗಿ ತಂಡ ನಡೆಸುತ್ತಿದ್ದರು. ಕಾಪಾಡುವ ಸರದಿ ಬಂದಾಗ ಹಿಂದೆ ನಿಂತು ಎದುರಾಳಿಗಳ ಎಸೆತ ಹಿಡಿಯುತ್ತಿದ್ದರು. ಹಾಗೆ ಕಸಿದುಕೊಂಡ ಚೆಂಡುಗಳು ಒಟ್ಟು 18, ಆ ವಿಶ್ವವಿದ್ಯಾಲಯದ ದಾಖಲೆ ಅದು. ಚೆಂಡನ್ನು ದೂರಕ್ಕೆ ಒದೆಯುವ ಕೆಲಸವೂ ಅವರದೇ. 1949ರಲ್ಲಿ ಆ ತಂಡ ಆಡಿದ 11 ಆಟಗಳಲ್ಲಿ ಹನ್ನೊಂದನ್ನೂ ಗೆದ್ದಿತು. ಅಲ್ಲಿ ಅವರ ಗುರು ಬಡ್ ವಿಲ್ಕಿನ್ಸನ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಆಮೇಲಿನ ಕೆಲವು ವರ್ಷ ಊರೂರು ಅಲೆದಾಟ. ಅಲ್ಲಲ್ಲಿ ಸಹಾಯಕ ಕೋಚ್, ಕೆನಡಾದ ಎಡ್ಮಂಟನ್‌ನಲ್ಲಿ ಒಂದು ವರ್ಷ, ಮಿಸಿಸಿಪಿ ಸ್ಟೇಟ್‌ನಲ್ಲಿ ಎರಡು ವರ್ಷ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ. 1956ರಲ್ಲಿ ಟೆಕ್ಸಸ್ ತಂಡ ಒಂದೇ ಒಂದು ಆಟ ಗೆದ್ದು ಒಂಬತ್ತು ಸೋತಿತ್ತು. ಅಂಥ ತಂಡಕ್ಕೆ 32 ವರ್ಷದ ರಾಯಲ್ ಬಂದರು. ಮರುವರ್ಷವೇ ಸೋಲಿಗಿಂತ ಗೆಲುವು ಜಾಸ್ತಿಯಾಯಿತು. ಮುಂದಿನ 20 ವರ್ಷಗಳಲ್ಲಿ ಒಂದು ವರ್ಷವೂ ಅವರ ತಂಡದ ಸೋಲು ಗೆಲುವನ್ನು ಮೀರಲಿಲ್ಲ.

ಬಂದ ಕೂಡಲೇ ಅವರು ಮಾಡಿದ ಒಂದು ಕೆಲಸಕ್ಕೆ ಪತ್ರಿಕೆಗಳು ಅಷ್ಟೇನೂ ಜಾಗ ಕೊಟ್ಟಿರಲಾರವು. ನನಗೆ ಮಾತ್ರ ಅವರ ಎಲ್ಲ ಕೆಲಸಗಳಲ್ಲಿ ಅದೇ ದೊಡ್ಡದು. 1957ರಲ್ಲಿ ಲ್ಯಾನ್ ಹ್ಯೂಲೆಟ್ ಎಂಬವರನ್ನು ನೇಮಿಸಿಕೊಂಡರು. ಆಟ ಕಲಿಸಲಿಕ್ಕಲ್ಲ. ಆಟಗಾರರ ಓದು ನೋಡಿಕೊಳ್ಳಲಿಕ್ಕೆ. ಯಾರು ಕ್ಲಾಸ್ ತಪ್ಪಿಸಿದರು, ಯಾರಿಗೆ ಗಣಿತ ತಲೆಗೆ ಹತ್ತುತ್ತಿಲ್ಲ, ಯಾರಿಗೆ ಇನ್ನೂ ಎಷ್ಟು ವಿಷಯ ಬಾಕಿ, ಇದನ್ನೆಲ್ಲ ಗಮನಿಸುವುದು ಅವರ ಕೆಲಸ. ಈಗ ಅಮೆರಿಕದ ಎಲ್ಲ ದೊಡ್ಡ ವಿಶ್ವವಿದ್ಯಾಲಯಗಳಲ್ಲೂ ಇಂಥವರಿದ್ದಾರೆ. ಆಗ ಇದು ಹೊಸದು. ತಂಡಕ್ಕೆ ಆಡಿ ಡಿಗ್ರಿಯನ್ನೂ ಮುಗಿಸಿದವರಿಗೆ ರಾಯಲ್ 'ಟಿ' ಅಕ್ಷರದ ಉಂಗುರ ಕೊಡುತ್ತಿದ್ದರು. ಎಷ್ಟೇ ದೊಡ್ಡ ಆಟಗಾರನಾಗಿರಲಿ, ಡಿಗ್ರಿ ಇಲ್ಲದೆ ಉಂಗುರವಿಲ್ಲ. ನಮ್ಮ ದೇಶದಲ್ಲಿ ಕ್ರೀಡಾ ಕೋಟಾದಲ್ಲಿ ಬಂದ ಮಕ್ಕಳ ಓದಿನ ಬಗ್ಗೆ ಯಾರು ಹೀಗೆ ತಲೆ ಕೆಡಿಸಿಕೊಳ್ಳುತ್ತಾರೆ?

ಗೆಲುವಿನ ಕಥೆಗೆ ಬರುತ್ತೇನೆ. ಒಕ್ಲಹೋಮ ಮತ್ತು ಟೆಕ್ಸಸ್ ಪ್ರತಿ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನಲ್ಲಿ ಎದುರಾಗುತ್ತವೆ. ಅದೇ ಹೊತ್ತಿಗೆ ಅಲ್ಲಿ ರಾಜ್ಯದ ದೊಡ್ಡ ಜಾತ್ರೆ ನಡೆಯುತ್ತಿರುತ್ತದೆ. ರಾಯಲ್ ತಮ್ಮ ಸ್ವಂತ ರಾಜ್ಯದ ಎದುರು, ಸ್ವಂತ ಗುರು ವಿಲ್ಕಿನ್ಸನ್ ಎದುರು ನಿಲ್ಲಬೇಕಿತ್ತು. 1958ರಲ್ಲಿ ಟೆಕ್ಸಸ್ 15-14ರಿಂದ ಗೆದ್ದಿತು. ಒಂದೇ ಅಂಕ. ಅದಕ್ಕೂ ಮೊದಲು ಆರು ವರ್ಷ ಸತತ ಸೋತಿದ್ದ ತಂಡ ಅಲ್ಲಿಂದ ಎಂಟು ವರ್ಷ ಸತತ ಗೆದ್ದಿತು. 1963ರಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್ ಪಟ್ಟವೂ ಬಂತು.

ನಾನು ಹೋದಾಗ ಲ್ಯಾಬಿನ ಸೀನಿಯರ್‌ಗಳು ದಿನಾ ಹೇಳುತ್ತಿದ್ದುದು 1968ರಿಂದ 1970ರವರೆಗಿನ ಕಥೆ. ಅದಕ್ಕೆ ಹಿಂದಿನ ಕೆಲವು ವರ್ಷ ತಂಡ ಸೊರಗಿತ್ತು. ಆಗ ಸಹಾಯಕ ಕೋಚ್ ಎಮರಿ ಬೆಲ್ಲಾರ್ಡ್ ಒಂದು ಹೊಸ ವ್ಯೂಹ ತಯಾರಿಸಿದರು. ಕ್ವಾರ್ಟರ್‌ಬ್ಯಾಕ್ ಹಿಂದೆ ಒಬ್ಬ ಫುಲ್‌ಬ್ಯಾಕ್, ಅವನ ಹಿಂದೆ ಎರಡೂ ಪಕ್ಕಕ್ಕೆ ಇಬ್ಬರು ಹಾಫ್‌ಬ್ಯಾಕ್‌ಗಳು, ಮೂವರೂ ಚೆಂಡು ಹಿಡಿದು ಓಡುವವರು. ಮೇಲಿನಿಂದ ನೋಡಿದರೆ ಕೋಳಿಯ ಎದೆಯ ಕವಲು ಮೂಳೆಯ ಆಕಾರ. ಹ್ಯೂಸ್ಟನ್‌ನ ಒಬ್ಬ ಪತ್ರಕರ್ತರು ಅದನ್ನು ವಿಶ್‌ಬೋನ್ ಎಂದು ಕರೆದರು. ಹೆಸರು ಅಂಟಿಕೊಂಡಿತು.

ಅದು ನಡೆಯುವ ರೀತಿ ಹೀಗೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಫುಲ್‌ಬ್ಯಾಕ್‌ನ ಹೊಟ್ಟೆಗೆ ಒತ್ತುತ್ತಾನೆ, ಬಿಡುವುದಿಲ್ಲ. ಕಣ್ಣು ಎದುರು ತಂಡದ ಒಬ್ಬನ ಮೇಲೆ. ಅವನು ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡನ್ನು ಹಿಂದಕ್ಕೆ ಎಳೆದುಕೊಂಡು ಪಕ್ಕಕ್ಕೆ ಓಡುತ್ತಾನೆ. ಅವನು ಬೀಳದಿದ್ದರೆ ಚೆಂಡು ಫುಲ್‌ಬ್ಯಾಕ್‌ಗೆ. ಪಕ್ಕಕ್ಕೆ ಓಡಿದಾಗ ಅಲ್ಲಿ ಇನ್ನೊಬ್ಬ ಎದುರಾಳಿ ಕಾಯುತ್ತಿರುತ್ತಾನೆ. ಅವನು ತನ್ನ ಮೇಲೆ ಬಂದರೆ ಹಾಫ್‌ಬ್ಯಾಕ್‌ಗೆ ಚೆಂಡು ಎಸೆಯುವುದು, ಬರದಿದ್ದರೆ ತಾನೇ ನುಗ್ಗುವುದು. ಎಲ್ಲ ತೀರ್ಮಾನವೂ ಕಣ್ಣು ಮಿಟುಕಿಸುವಷ್ಟರಲ್ಲಿ. ಆ ಇಬ್ಬರು ಎದುರಾಳಿಗಳನ್ನು ಯಾರೂ ಮುಟ್ಟುವುದೇ ಇಲ್ಲ. ಅವರು ಏನು ಮಾಡಿದರೂ ತಪ್ಪಾಗುತ್ತದೆ. ಎಂಜಿನಿಯರಿಂಗ್ ಓದುತ್ತಿದ್ದ ನನಗೆ ಇದು ಅರ್ಥವಾದ ದಿನ ಎಷ್ಟು ಖುಷಿಯಾಯಿತೆಂದರೆ, ರೂಮಿಗೆ ಬಂದು ಕಾಗದದ ಮೇಲೆ ಬಾಣದ ಗುರುತು ಹಾಕುತ್ತಾ ಕೂತುಬಿಟ್ಟೆ.

1968ರ ಮೊದಲ ಎರಡು ಆಟಗಳಲ್ಲಿ ಒಂದು ಡ್ರಾ, ಒಂದು ಸೋಲು. ರಾಯಲ್ ವ್ಯೂಹವನ್ನು ಕೈಬಿಡಲಿಲ್ಲ. ಜೇಮ್ಸ್ ಸ್ಟ್ರೀಟ್ ಎಂಬ ಹುಡುಗನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು. ಅಲ್ಲಿಂದ ತಂಡ ಸತತ 30 ಆಟ ಗೆದ್ದಿತು.

ಅದರಲ್ಲಿ 1969ರ ಡಿಸೆಂಬರ್ 6ರ ಆಟವನ್ನು ಬಿಡುವ ಹಾಗಿಲ್ಲ. ಅರ್ಕನ್ಸಾಸ್‌ನ ಫೆಯೆಟ್‌ವಿಲ್‌ನಲ್ಲಿ, ಅಧ್ಯಕ್ಷ ನಿಕ್ಸನ್ ಎದುರಿಗೆ. ಮುಕ್ಕಾಲು ಆಟ ಮುಗಿದಾಗ ಟೆಕ್ಸಸ್ 0-14 ಹಿಂದಿತ್ತು. ಕೊನೆಯ ಕಾಲು ಭಾಗದ ಮೊದಲ ಸರದಿಯಲ್ಲೇ ಸ್ಟ್ರೀಟ್ 42 ಗಜ ಓಡಿ ಎದುರಾಳಿಯ ಕೊನೆಯ ಗೆರೆ ದಾಟಿದರು, ಅದಕ್ಕೆ ಆರು ಅಂಕ. ಅದರ ಮೇಲೆ ಸಿಗುವ ಸುಲಭದ ಒಂದು ಅಂಕ ಬೇಡ, ಕಷ್ಟದ ಎರಡು ಅಂಕಕ್ಕೆ ಹೋಗಿ ಎಂದು ರಾಯಲ್ ಮೊದಲೇ ತೀರ್ಮಾನಿಸಿದ್ದರು. ಅದೂ ಸಿಕ್ಕಿತು. ಐದು ನಿಮಿಷಕ್ಕಿಂತ ಕಮ್ಮಿ ಉಳಿದಿತ್ತು. ನಾಲ್ಕನೆಯ ಸಲ, ಮೂರು ಗಜ ಬೇಕು. ವರ್ಷವೆಲ್ಲ ಓಡಿಯೇ ಗೆದ್ದ ತಂಡ. ಚೆಂಡು ಎಸೆಯುವುದೆಂದರೆ ರಾಯಲ್‌ಗೆ ಅಷ್ಟಕ್ಕಷ್ಟೇ, ಎಸೆದರೆ ಆಗುವ ಮೂರರಲ್ಲಿ ಎರಡು ಕೆಟ್ಟದ್ದೇ ಎಂಬುದು ಅವರ ಹೆಸರಲ್ಲಿ ಓಡಾಡುವ ಮಾತು. ಅವರೇ ಆವತ್ತು ದೂರದ ಎಸೆತಕ್ಕೆ ಹೇಳಿದರು. ರ‍್ಯಾಂಡಿ ಪೆಶೆಲ್ ಇಬ್ಬರ ನಡುವಿನಿಂದ ಅದನ್ನು ಹಿಡಿದರು. 44 ಗಜ. ಅಲ್ಲಿಂದ ಮತ್ತೆ ಗೆರೆ ದಾಟಿ, ಕೊನೆಗೆ 15-14. 1958ರಲ್ಲಿ ಗುರುವನ್ನು ಸೋಲಿಸಿದ ಅಂಕವೇ ಮತ್ತೆ!

ಆ ತಂಡದಲ್ಲಿ ಫ್ರೆಡ್ಡಿ ಸ್ಟೈನ್‌ಮಾರ್ಕ್ ಎಂಬ ಹುಡುಗನಿದ್ದ. ಕಾಲು ನೋವನ್ನು ನುಂಗಿಕೊಂಡು ಆ ಆಟ ಆಡಿದ್ದ. ಕೆಲವೇ ದಿನಗಳಲ್ಲಿ ಮೂಳೆ ಕ್ಯಾನ್ಸರ್ ಅಂತ ಗೊತ್ತಾಗಿ ಕಾಲನ್ನೇ ತೆಗೆದರು. 1970ರ ಜನವರಿ 1ರ ಕಾಟನ್ ಬೌಲ್ ಎಂಬ ಋತುವಿನ ಕೊನೆಯ ದೊಡ್ಡ ಆಟಕ್ಕೆ ಊರುಗೋಲು ಹಿಡಿದು ಬಂದು ತಂಡದ ಜೊತೆ ನಿಂತ. ನಾಟರ್ ಡೇಮ್ ವಿಶ್ವವಿದ್ಯಾಲಯದ ಮೇಲೆ ಟೆಕ್ಸಸ್ 21-17ರಿಂದ ಗೆದ್ದಾಗ ಗೆಲುವಿನ ಚೆಂಡು ಅವನ ಕೈಗೆ ಹೋಯಿತು. 1971ರಲ್ಲಿ ಅವನು ತೀರಿಕೊಂಡ. ನಾನಿದ್ದಾಗ ಸ್ಟೇಡಿಯಂನ ಅಂಕ ಫಲಕಕ್ಕೆ ಅವನ ಹೆಸರಿತ್ತು.

ಇಷ್ಟು ಹೇಳಿ, ಇನ್ನೊಂದನ್ನು ಹೇಳದಿದ್ದರೆ ಅನ್ಯಾಯ. 1969ರ ಆ ಚಾಂಪಿಯನ್ ತಂಡದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಅದಾದ ಮೇಲೆ ಬಿಳಿಯರೇ ತುಂಬಿದ ಯಾವ ತಂಡವೂ ಚಾಂಪಿಯನ್ ಆಗಿಲ್ಲ. ಆ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದವರಲ್ಲಿ ಬದಲಾವಣೆ ಬೇಡವಾದವರು ಇದ್ದರು, ನಿಜ. ಆದರೆ 1962ರಿಂದ ಕ್ರೀಡಾ ವಿಭಾಗದ ನಿರ್ದೇಶಕರೂ ಆಗಿದ್ದವರು ರಾಯಲ್. ಅವರ ಮಾತಿಗೆ ಅಷ್ಟು ತೂಕವಿತ್ತು. ಅವರು ಇನ್ನೂ ಮೊದಲೇ ಗಟ್ಟಿಯಾಗಿ ಹೇಳಬೇಕಿತ್ತು. ನನಗೆ ಅವರ ಮೇಲೆ ಎಷ್ಟೇ ಗೌರವವಿದ್ದರೂ ಇದು ನನ್ನ ಖಚಿತ ಅಭಿಪ್ರಾಯ. ಅವರ ಮೇಲೆ ಇನ್ನೊಂದು ದೂರೂ ಇತ್ತು. ತಂಡದಲ್ಲಿ ಹಿಂದೆ ಬಿದ್ದ ಹುಡುಗರನ್ನು ಕಠಿಣವಾಗಿ ನಡೆಸಿಕೊಂಡರು ಎಂದು ಹಳೆಯ ಆಟಗಾರರೊಬ್ಬರು 1972ರಲ್ಲಿ ಪುಸ್ತಕವನ್ನೇ ಬರೆದರು.

ಕಪ್ಪು ಆಟಗಾರರಿಗೆ ಬಾಗಿಲು ತೆರೆದದ್ದು ಜೂಲಿಯಸ್ ವಿಟಿಯರ್. ಸ್ಯಾನ್ ಆಂಟೋನಿಯೋದ ಹುಡುಗ. 1969ರಲ್ಲಿ ಸೇರಿ, 1970ರಲ್ಲಿ ಮುಖ್ಯ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರ. ಅವನ ಜೊತೆ ರೂಮ್ ಹಂಚಿಕೊಳ್ಳಲು ಬಿಲ್ಲಿ ಡೇಲ್ ಎಂಬ ಬಿಳಿಯ ಆಟಗಾರ ತಾನಾಗಿ ಮುಂದೆ ಬಂದ. ವಿಟಿಯರ್ ಓದಿದ್ದು ತತ್ವಶಾಸ್ತ್ರ. ಆಮೇಲೆ ಅಲ್ಲೇ ಮಾಜಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೆಸರಿನ, ಸಾರ್ವಜನಿಕ ಆಡಳಿತ ಕಲಿಸುವ ಸ್ಕೂಲಿನಲ್ಲಿ ಓದಿ, ಕೊನೆಗೆ ವಕೀಲರಾದರು. ನಮ್ಮ ಹಾಸನದಲ್ಲಿ ಹುಟ್ಟಿದ ಕಾದಂಬರಿಕಾರ ರಾಜಾ ರಾವ್ 1966ರಿಂದ ಬಹಳ ವರ್ಷ ಪಾಠ ಮಾಡಿದ್ದು ಅದೇ ತತ್ವಶಾಸ್ತ್ರ ವಿಭಾಗದಲ್ಲಿ. ಅಲ್ಲಿದ್ದ ನಮ್ಮಂಥ ಕನ್ನಡದ ಹುಡುಗರಿಗೆ ಅದೊಂದು ದೊಡ್ಡ ಹೆಮ್ಮೆ.

ನಾನು ಸೇರಿದ ವರ್ಷವೇ ಅರ್ಲ್ ಕ್ಯಾಂಪ್‌ಬೆಲ್ ಕೂಡ ಸೇರಿದರು. ಟೈಲರ್ ಊರಿನ ಗುಲಾಬಿ ತೋಟಗಳ ಕಡೆಯವರು. ತಂದೆ ಇಲ್ಲ, ಮನೆಯಲ್ಲಿ 11 ಮಕ್ಕಳು. ಅವರು ಚೆಂಡು ಹಿಡಿದು ನುಗ್ಗಿದರೆ ತಡೆಯಲು ಮೂರು ನಾಲ್ಕು ಜನ ಬೇಕಾಗುತ್ತಿತ್ತು. 1977ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಅವರಿಗೆ ಬಂತು. ಅವರನ್ನು ಕರೆತಂದವರು ರಾಯಲ್. ಆದರೆ ಆ ಹೊತ್ತಿಗೆ ರಾಯಲ್ ಅಲ್ಲಿರಲಿಲ್ಲ.

1976ರಲ್ಲಿ ತಂಡ ಐದು ಗೆದ್ದು ಐದು ಸೋತು ಒಂದು ಡ್ರಾ ಮಾಡಿಕೊಂಡಿತು. ಕ್ಯಾಂಪ್‌ಬೆಲ್‌ಗೆ ತೊಡೆಯ ಗಾಯ. ಕೊನೆಯ ಆಟ ಡಿಸೆಂಬರ್ 4ಕ್ಕೆ, ಆಸ್ಟಿನ್‌ನಲ್ಲೇ, ಮತ್ತೆ ಅರ್ಕನ್ಸಾಸ್ ಜೊತೆ. ನಾವೆಲ್ಲ ಹೋಗಿದ್ದೆವು. ಟೆಕ್ಸಸ್ 29-12ರಿಂದ ಗೆದ್ದಿತು. ಅದೇ ಅವರ ಕೊನೆಯ ಆಟ. ಎದುರು ತಂಡದ ಕೋಚ್, ಅವರ ಹಳೆಯ ಸ್ನೇಹಿತ ಫ್ರ್ಯಾಂಕ್ ಬ್ರಾಯ್ಲ್ಸ್‌ಗೂ ಅದೇ ಕೊನೆ. ರಾಯಲ್‌ಗೆ ಆಗ ಬರೀ 52. ಟೆಕ್ಸಸ್‌ನಲ್ಲಿ 167 ಗೆಲುವು, 47 ಸೋಲು, 5 ಡ್ರಾ, ಮೂರು ರಾಷ್ಟ್ರೀಯ ಪಟ್ಟ. ಇನ್ನೂ ಹತ್ತು ವರ್ಷ ಇರಬಹುದಿತ್ತು ಅಂತ ಲ್ಯಾಬಿನಲ್ಲಿ ಎಲ್ಲರೂ ಅಂದರು. 1973ರಲ್ಲಿ ಅವರು ಮಗಳನ್ನು ಅಪಘಾತದಲ್ಲಿ ಕಳೆದುಕೊಂಡಿದ್ದರು. 1982ರಲ್ಲಿ ಮಗನೂ ಹಾಗೆಯೇ ಹೋದ. ಅವರಿಗೆ ಸಂಗೀತದ ಹುಚ್ಚು. ಉದ್ದ ಕೂದಲಿನ ಹಾಡುಗಾರ ವಿಲ್ಲಿ ನೆಲ್ಸನ್ ಅವರ ಆಪ್ತ ಗೆಳೆಯ. ದುಃಖದಲ್ಲಿ ಆ ಗೆಳೆತನ ಅವರನ್ನು ಹಿಡಿದು ನಿಲ್ಲಿಸಿರಬೇಕು ಅಂತ ನನಗನಿಸುತ್ತದೆ.

1996ರಲ್ಲಿ ಸ್ಟೇಡಿಯಂಗೆ ಅವರ ಹೆಸರಿಟ್ಟರು. ಕೊನೆಯ ವರ್ಷಗಳಲ್ಲಿ ಅವರಿಗೆ ಮರೆವಿನ ಕಾಯಿಲೆ, ಆಲ್ಝೈಮರ್ಸ್. 2012ರ ನವೆಂಬರ್ 7ರಂದು ತೀರಿಕೊಂಡರು, 88 ವರ್ಷ. ಮೂರು ದಿನಕ್ಕೆ ಅಯೋವಾ ಸ್ಟೇಟ್ ಜೊತೆ ಆಟ. ಟೆಕ್ಸಸ್ ಹುಡುಗರು ಮೊದಲ ಸರದಿಗೆ ಹಳೆಯ ವಿಶ್‌ಬೋನ್ ವ್ಯೂಹದಲ್ಲೇ ನಿಂತರು. ನಾನು ಟಿ.ವಿ. ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದೆ.

ನಮ್ಮ ಕಾಲೇಜಿನ ಮಕ್ಕಳು ಈಗಲೂ ಆಸ್ಟಿನ್‌ಗೆ ಓದಲು ಹೋಗುತ್ತಾರೆ. ಹೋದವರು ಸುಮ್ನೆ ಒಂದು ಸಂಜೆ ಆ ಸ್ಟೇಡಿಯಂ ಕಡೆ ನಡೆದು ಬನ್ನಿ. ಕಟ್ಟಡಕ್ಕೆ ರಾಯಲ್ ಹೆಸರು. ಒಳಗಿನ ಮೈದಾನಕ್ಕೆ 2020ರಿಂದ ಅರ್ಲ್ ಕ್ಯಾಂಪ್‌ಬೆಲ್ ಮತ್ತು ರಿಕಿ ವಿಲಿಯಮ್ಸ್ ಹೆಸರು, ಇಬ್ಬರೂ ಕಪ್ಪು ಆಟಗಾರರು. ಅದೇ ವರ್ಷ ಅಲ್ಲಿ ಜೂಲಿಯಸ್ ವಿಟಿಯರ್ ಅವರ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಅದನ್ನು ನೋಡದೆ ಬರಬೇಡಿ.